ನೀರು ಕಮ್ಮಿಯಾದರೆ ಘಮ ಜಾಸ್ತಿಯಾ? ನಾಲ್ಕು ಗಿಡ, ಎರಡು ರೀತಿಯ ನೀರು

ನೀರು ಕಮ್ಮಿ ಹಾಕಿದಷ್ಟೂ ಎಲೆಯ ಘಮ ಹೆಚ್ಚು ಅಂತ ಗಿಡ ಬೆಳೆಸುವವರು ಹೇಳುತ್ತಲೇ ಇರುತ್ತಾರೆ. ಎಲ್ಲ ಗಿಡಕ್ಕೂ ಹಾಗೇನಾ? ನೋಡೇ ಬಿಡೋಣ ಅಂತ ತುಳಸಿ, ಪೆಪ್ಪರ್‌ಮಿಂಟ್ ಪುದೀನ, ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್), ರೋಸ್‌ಮರಿ ನಾಲ್ಕನ್ನೂ ಜೋಡಿ ಕುಂಡಗಳಲ್ಲಿ ಬೆಳೆಸಿದೆ. ಮಣ್ಣು, ಬಿಸಿಲು ಎಲ್ಲಾ ಒಂದೇ. ಜೋಡಿಯಲ್ಲಿ ಒಂದಕ್ಕೆ ಮೇಲ್ಮಣ್ಣು ಒಣಗಿದ ಕೂಡಲೇ ನೀರು. ಇನ್ನೊಂದಕ್ಕೆ ಎಲೆ ಬಾಡುವ ಸೂಚನೆ ಕೊಟ್ಟ ಮೇಲೆ.

ರೋಸ್‌ಮರಿ ಮಾತ್ರ ಅಂಥ ಸೂಚನೆ ಕೊಡುವ ಗಿಡವಲ್ಲ. ಎಲೆ ಗಟ್ಟಿ, ಅಂಚು ಒಳಕ್ಕೆ ಸುತ್ತಿಕೊಂಡಿರುತ್ತದೆ, ಅಡಿಯಲ್ಲಿ ಬಿಳಿ ರೋಮ. ಬಾಡಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಕೈ ಮೀರಿರುತ್ತದೆ. ಅದಕ್ಕೇ ಕುಂಡ ಎತ್ತಿ ತೂಕ ನೋಡಿಯೇ ನೀರು ಹಾಕಿದೆ. ಇಲ್ಲಿ ಒಣ ಕುಂಡವೇ ಗೆದ್ದಿತು, ಅನುಮಾನವೇ ಇಲ್ಲ. ನೀರು ಕುಡಿದ ಜೋಡಿ ಉದ್ದುದ್ದ ಬೆಳೆದು ಸಪ್ಪೆಯಾಯಿತು.

ಮಜ್ಜಿಗೆ ಹುಲ್ಲಿನಲ್ಲಿ ಸುಮಾರಾಗಿ ಸಮಸಮ. ಇದರ ಘಮದ ಎಣ್ಣೆ ಇರುವುದು ಎಲೆಯ ಒಳಗಿನ ಕೋಶಗಳಲ್ಲಿ. ಹಾಗಾಗಿ ಸುಮ್ನೆ ಸವರಿದರೆ ಏನೂ ಗೊತ್ತಾಗುವುದಿಲ್ಲ, ಹರಿದು ಮೂಸಬೇಕು. ಎರಡರಲ್ಲೂ ಸಿಟ್ರಾಲ್‌ನ ನಿಂಬೆ ವಾಸನೆ ಚೆನ್ನಾಗಿಯೇ ಇತ್ತು. ಆದರೆ ಒಣ ಕುಂಡದಲ್ಲಿ ಎಲೆ ಸುರುಳಿ ಸುತ್ತಿ, ತುದಿ ಕಂದಾಗಿ, ಸಿಕ್ಕ ಹುಲ್ಲೇ ಕಮ್ಮಿ.

ತುಳಸಿಯದ್ದು ನಿಜವಾಗಿ ಮಜವಾದ ಕಥೆ. ಒಣ ಕುಂಡದ ಎಲೆ ಸಣ್ಣದು, ಒರಟು, ಕದಿರೂ ಬೇಗ ಬಂತು. ಭೂತಗನ್ನಡಿ ಹಿಡಿದರೆ ಎಲೆ ಮೇಲೆ ಮಿನುಗುವ ಚುಕ್ಕಿಗಳು ಕಾಣುತ್ತವೆ. ಅವೇ ಎಣ್ಣೆ ಗ್ರಂಥಿಗಳು. ಎಲೆ ಹಿಗ್ಗದೆ ಉಳಿದಾಗ ಚುಕ್ಕಿಗಳು ಹತ್ತಿರ ಹತ್ತಿರ ಬರುತ್ತವೆ. ಕಿವುಚಿದರೆ ಲವಂಗದ ಖಾರ ಮೂಗಿಗೆ ಹೊಡೆಯುತ್ತದೆ. ಅದು ಯೂಜಿನಾಲ್. ನೀರು ಕಮ್ಮಿಯಾದಾಗ ಮೊದಲು ನಿಲ್ಲುವುದು ಬೆಳವಣಿಗೆ. ಆಹಾರ ತಯಾರಿಕೆ ಇನ್ನೂ ಸ್ವಲ್ಪ ದಿನ ನಡೆಯುತ್ತದೆ. ಬೆಳೆಯಲು ಖರ್ಚಾಗದೆ ಉಳಿದ ಇಂಗಾಲದಲ್ಲಿ ಒಂದಷ್ಟು ಇಂಥ ವಾಸನೆಯ ವಸ್ತುಗಳಿಗೆ ಹೋಗುತ್ತದೆ. ಬರ ಮುಂದುವರಿದರೆ ಎಲೆಯ ರಂಧ್ರಗಳು ಮುಚ್ಚೇ ಇದ್ದು, ಆ ಉಳಿತಾಯವೂ ಖಾಲಿ.

ಹಾಗಾದರೆ ಒಣ ತುಳಸಿಯೇ ಮೇಲಾ? ಎಲೆಯಿಂದ ಎಣ್ಣೆ ಬಟ್ಟಿ ಇಳಿಸುವವರು ಇಲ್ಲೇ ಏಮಾರುವುದು. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ನೀರುಂಡ ಗಿಡದಿಂದ 100 ಗ್ರಾಂ ಎಲೆ, ಅದರಲ್ಲಿ 0.5% ಎಣ್ಣೆ ಇದ್ದರೆ ಕೈಗೆ ಬರುವುದು 0.5 ಗ್ರಾಂ. ಒಣ ಗಿಡದಿಂದ 60 ಗ್ರಾಂ ಎಲೆ, 0.7% ಎಣ್ಣೆ ಅಂದರೆ 0.42 ಗ್ರಾಂ. ಶೇಕಡಾ ಏರಿದೆ, ಒಟ್ಟು ಎಣ್ಣೆ ಇಳಿದಿದೆ. ನಾಲ್ಕು ಎಲೆ ಕಿತ್ತು ಕಷಾಯ ಮಾಡುವವರಿಗೆ ಒಣ ಗಿಡ ಸರಿ. ಸೀಸೆ ತುಂಬಬೇಕು ಅನ್ನುವವರಿಗೆ ಅಲ್ಲ.

ಪುದೀನಕ್ಕೆ ಈ ಆಟ ಬೇಡವೇ ಬೇಡ. ಅದರ ಬೇರು ಮೇಲ್ಮಣ್ಣಿನಲ್ಲೇ ಹರಡುವುದು, ತೇವ ಇಲ್ಲದಿದ್ದರೆ ಮುಗೀತು. ಕೆಳಗಿನ ಎಲೆ ಹಳದಿಯಾಗಿ ಉದುರಿತು, ಎಲೆ ಜೊತೆ ಎಣ್ಣೆಯೂ ಹೋಯಿತು. ಉಳಿದ ಎಲೆಯ ವಾಸನೆ ಜೋರಾಗಿಯೇ ಇತ್ತು, ಆದರೆ ತಂಪಿರಲಿಲ್ಲ, ಒಂಥರಾ ಕಟು. ಪೆಪ್ಪರ್‌ಮಿಂಟ್ ಸಂಕಟಕ್ಕೆ ಸಿಕ್ಕಾಗ ತಂಪು ಕೊಡುವ ಮೆಂಥಾಲ್ ಹಿಂದೆ ಬಿದ್ದು, ಎಣ್ಣೆಯಲ್ಲೇ ಇರುವ ಪ್ಯುಲೆಗೋನ್, ಮೆಂಥೋಫ್ಯೂರಾನ್ ಅನ್ನುವ ಬೇರೆ ವಸ್ತುಗಳು ಹೆಚ್ಚುವುದುಂಟು. ಎಣ್ಣೆ ಕೊಳ್ಳುವವರಿಗೆ ಇವೆರಡೂ ಜಾಸ್ತಿ ಇದ್ದರೆ ಇಷ್ಟವಾಗುವುದಿಲ್ಲ. ಘಮ ಜೋರು ಅಂದಾಕ್ಷಣ ಎಣ್ಣೆ ಒಳ್ಳೆಯದು ಅಂತೇನಿಲ್ಲ, ಅಲ್ವಾ?

ಆಮೇಲೆ ತುಳಸಿಯಲ್ಲಿ ಮೂರನೇ ದಾರಿಯೊಂದನ್ನೂ ನೋಡಿದೆ. ಬೆಳೆಯುವಷ್ಟು ದಿನ ಧಾರಾಳ ನೀರು, ಕೊಯ್ಲಿಗೆ ಮುಂಚಿನ ಕೆಲವು ದಿನ ಮಾತ್ರ ಕೈ ಬಿಗಿ. ಎಲೆಯೂ ಸಾಕಷ್ಟು ಸಿಕ್ಕಿತು, ಖಾರವೂ ಏರಿತು. ನನ್ನ ಆಯ್ಕೆ ಇದೇ. ಕೊಯ್ದ ಕೂಡಲೇ ಬುಡಕ್ಕೆ ಚೆನ್ನಾಗಿ ನೀರು ಕೊಟ್ಟರೆ ಮತ್ತೆ ಚಿಗುರಲು ತಡವಾಗುವುದಿಲ್ಲ.