ಆಳಸಮುದ್ರ ಬೋಟಿಗೆ ಯಾವ ಉಪಗ್ರಹ ಸಾಧನ? ಮಲ್ಪೆ, ಮಂಗಳೂರು ದಕ್ಕೆಯವರಿಗೆ ಒಂದು ವಿಮರ್ಶೆ

ಬೋಟು ಮಗುಚುವಾಗ ಗುಂಡಿ ಒತ್ತಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಹತ್ತು ದಿನಕ್ಕಾಗುವಷ್ಟು ಐಸು, ಡೀಸೆಲ್ ತುಂಬಿಕೊಂಡು ಹೊರಡುವ ಆಳಸಮುದ್ರ ಬೋಟಿಗೆ ಸಾಧನ ಆರಿಸುವಾಗ ನಾವು ಮೊದಲು ಕೇಳುವುದು ಇಷ್ಟೇ: ಯಾರ ಕೈಯೂ ತಾಗದೆ ಅದು ತಾನಾಗಿ ಕೂಗು ಹಾಕುತ್ತದೆಯೇ? 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋಗಿ ಕಾಣೆಯಾದ ‘ಸುವರ್ಣ ತ್ರಿಭುಜ’ ಬೋಟಿನಲ್ಲಿ ಏಳು ಮಂದಿ ಇದ್ದರು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿ ಕಡಲ ತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ನಾಲ್ಕೂವರೆ ತಿಂಗಳನ್ನು ಈ ಕರಾವಳಿ ಮರೆತಿಲ್ಲ.

ಎಲ್ಲ ಬೋಟಿನಲ್ಲೂ ಇರುವ ವೈರ್‌ಲೆಸ್ ಸೆಟ್ಟು ಬೇಕೇ ಬೇಕು, ಆದರೆ ಅದರ ಅಳತೆ ಗೊತ್ತಿರಲಿ. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ದಿಗಂತದವರೆಗೆ ಮಾತ್ರ ಹೋಗುತ್ತದೆ. ಆಂಟೆನಾ ನೀರಿನಿಂದ 6 ಮೀಟರ್ ಎತ್ತರದಲ್ಲಿದ್ದರೆ ಅಂಥ ಎರಡು ಬೋಟುಗಳ ನಡುವೆ ಸುಮಾರು 11 ನಾಟಿಕಲ್ ಮೈಲು, ದಡದಲ್ಲಿ 60 ಮೀಟರಿನ ಟವರ್ ಇದ್ದರೆ ಸುಮಾರು 22. ಅದರಾಚೆ, ಅಪಾಯದ ಕರೆಗೆ ಬಳಸುವ ಚಾನೆಲ್ 16ರಲ್ಲಿ ಎಷ್ಟು ಕರೆದರೂ ಹತ್ತಿರದ ಬೋಟಿಗೆ ಕೇಳಬೇಕೇ ಹೊರತು ದಡಕ್ಕೆ ಕೇಳುವುದಿಲ್ಲ.

ಹಾಗಾಗಿ ನಮ್ಮ ಮೊದಲ ಆಯ್ಕೆ 406 ಮೆಗಾಹರ್ಟ್ಸ್‌ನ ಇಪಿಐಆರ್‌ಬಿ. ಇದು ಅಪಾಯದ ಕೂಗು ಹಾಕುವ ತೇಲುವ ಬೀಕನ್. ಕೋಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ಹುಡುಕಾಟ-ರಕ್ಷಣಾ ಜಾಲದ ಉಪಗ್ರಹಗಳಿಗೆ ಸುಮಾರು 50 ಸೆಕೆಂಡಿಗೊಮ್ಮೆ ಸಂಕೇತ ಕಳಿಸುತ್ತದೆ. ಸುದ್ದಿ ಬೆಂಗಳೂರಿನಲ್ಲಿ ಇಸ್ರೋದ ಕೇಂದ್ರವಾದ ಇಸ್ಟ್ರ್ಯಾಕ್‌ನಲ್ಲಿರುವ ಭಾರತೀಯ ಮಿಷನ್ ನಿಯಂತ್ರಣ ಕೇಂದ್ರಕ್ಕೆ ಬಂದು, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ. ಒಮ್ಮೆ ಚಾಲೂ ಆದರೆ ಬ್ಯಾಟರಿ ಕನಿಷ್ಠ 48 ಗಂಟೆ ಬರಬೇಕು. ತಿಂಗಳ ಬಾಡಿಗೆ ಇಲ್ಲ. ಕೊಳ್ಳುವಾಗ ಒಳಗೆ ಜಿಪಿಎಸ್ ಇದೆಯೇ ನೋಡಿ: ಇದ್ದರೆ ಸ್ಥಳ ನೂರಿನ್ನೂರು ಮೀಟರಿನೊಳಗೆ ಸಿಗುತ್ತದೆ, ಇಲ್ಲದಿದ್ದರೆ ಹುಡುಕುವವರು ಕಿಲೋಮೀಟರುಗಟ್ಟಲೆ ಸುತ್ತಬೇಕು. ಎಐಎಸ್ (ತಾನಿರುವ ಜಾಗವನ್ನು ಹತ್ತಿರದ ಹಡಗುಗಳಿಗೆ ರೇಡಿಯೊದಲ್ಲಿ ತಿಳಿಸುವ ವ್ಯವಸ್ಥೆ) ಕೂಡ ಇರುವ ಮಾದರಿ, ಉದಾಹರಣೆಗೆ ಎಸಿಆರ್ ಗ್ಲೋಬಲ್‌ಫಿಕ್ಸ್ ವಿ5, ನಮ್ಮವರಿಗೆ ಹೆಚ್ಚು ಹೊಂದುತ್ತದೆ. ಎಐಎಸ್ ಇಟ್ಟುಕೊಂಡ ಅಕ್ಕಪಕ್ಕದ ಬೋಟು, ಹಡಗುಗಳ ಪರದೆಯಲ್ಲಿ ಅದು ನೇರವಾಗಿ ಕಾಣುತ್ತದೆ. ಕಡಲಲ್ಲಿ ಮೊದಲು ಬಂದು ಮುಟ್ಟುವವರು ಬಹುತೇಕ ಪಕ್ಕದ ಬೋಟಿನವರೇ.

ಆದರೆ ಮಾದರಿಗಿಂತ ಅದನ್ನು ಕೂರಿಸುವ ಬ್ರಾಕೆಟ್ ಮುಖ್ಯ. ಕೆಟಗರಿ 1 ಎಂದರೆ ತಾನಾಗಿ ಬಿಚ್ಚಿಕೊಳ್ಳುವುದು. ಕೆಟಗರಿ 2 ಕೈಯಿಂದ ತೆಗೆಯುವುದು. ಎರಡನೆಯದು ಅಗ್ಗ ಎಂದು ಕೊಂಡರೆ ಮೊದಲ ಪ್ರಶ್ನೆಯೇ ಬಿದ್ದುಹೋಗುತ್ತದೆ. ಕೆಟಗರಿ 1ರಲ್ಲಿ ಹೈಡ್ರೋಸ್ಟ್ಯಾಟಿಕ್ ರಿಲೀಸ್ ಎಂಬ ಸಣ್ಣ ಡಬ್ಬಿ ಇದೆ. ಅದು ನೀರಿನಲ್ಲಿ 1.5ರಿಂದ 4 ಮೀಟರ್ ಆಳಕ್ಕೆ ಹೋದಾಗ ಒಳಗಿನ ಬ್ಲೇಡು ಹಿಡಿಯನ್ನು ಕತ್ತರಿಸುತ್ತದೆ, ಬೀಕನ್ ತೇಲಿ ಮೇಲೆ ಬರುತ್ತದೆ. ಕೆಡುವುದು ಇಲ್ಲಿಯೇ. ಚಾವಣಿಯ ಅಡಿಯಲ್ಲೋ ಬಲೆ, ಹಗ್ಗ ಪೇರಿಸುವ ಜಾಗದಲ್ಲೋ ಕೂರಿಸಿದರೆ ಬಿಚ್ಚಿಕೊಂಡ ಬೀಕನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮರದ, ಫೈಬರಿನ ಬೋಟು ಮುಳುಗದೆ ಬುಡಮೇಲಾಗಿ ತೇಲುವುದೂ ಉಂಟು. ಆಗ ಅದು ಡೆಕ್ಕಿನಡಿ ಉಳಿದುಬಿಡುವ ಅಪಾಯವಿದೆ. ವೀಲ್‌ಹೌಸಿನ ಹೊರಮೈಯಲ್ಲಿ, ಮೇಲಕ್ಕೂ ಬದಿಗೂ ದಾರಿ ತೆರೆದಿರುವಂತೆ ಕೂರಿಸಿ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು: ಕಳ್ಳತನವಾದೀತೆಂದು, ಬೀಕನ್ನಿನ ದಾರವನ್ನು ಕಂಬಿಗೆ ಕಟ್ಟುವುದು. ಕಟ್ಟಿದರೆ ಬೋಟಿನ ಜತೆ ಅದೂ ತಳ ಸೇರುತ್ತದೆ. ಆ ದಾರ ಇರುವುದು ನೀರಿಗೆ ಬಿದ್ದವರು ತಮಗೋ ಲೈಫ್‌ರಾಫ್ಟಿಗೋ ಕಟ್ಟಿಕೊಳ್ಳಲು.

ಬೀಕನ್ನಿನ ಮೇಲೆ 15 ಅಕ್ಷರದ ಸಂಕೇತ ಇರುತ್ತದೆ. ಅದರಲ್ಲಿ ಭಾರತದ ಸಂಖ್ಯೆ 419 ಅಡಕವಾಗಿದೆಯೇ ಎಂದು ಮಾರುವವರಿಂದ ಬರೆಸಿಕೊಳ್ಳಿ. ಬೇರೆ ದೇಶದ ಕೋಡ್ ಇದ್ದರೆ ಹೊಸದಾಗಿ ಪ್ರೋಗ್ರಾಂ ಮಾಡಿಸಬೇಕು. ಆಮೇಲೆ ಬೆಂಗಳೂರಿನ ಕೇಂದ್ರದಲ್ಲಿ ಬೋಟಿನ ಹೆಸರು, ನೋಂದಣಿ ಸಂಖ್ಯೆ, ದಡದಲ್ಲಿರುವ ಇಬ್ಬರ ಫೋನ್ ನಂಬರ್ ಕೊಟ್ಟು ನೋಂದಾಯಿಸಿ. ಬೋಟು ಮಾರಿದರೆ ಹೆಸರು ಬದಲಿಸಲೇಬೇಕು.

ಉಪಗ್ರಹದ ಮೂಲಕ ಅಪಾಯದ ಸುದ್ದಿ ಕಳಿಸುವ ಇಸ್ರೋದ ಸಾಧನ ಡ್ಯಾಟ್ ನಮ್ಮ ಎರಡನೆಯ ಆಯ್ಕೆ, ಇಪಿಐಆರ್‌ಬಿಗೆ ಹಣ ಹೊಂದದ ಸಣ್ಣ ಬೋಟಿಗೆ ಮೊದಲನೆಯದು. 2010ರಿಂದ ಬಳಕೆಯಲ್ಲಿದೆ. 2024ರ ಜನವರಿಯಲ್ಲಿ ಬಂದ ಎರಡನೆಯ ಪೀಳಿಗೆಯದರಲ್ಲಿ ದೊಡ್ಡ ಲಾಭವೆಂದರೆ ‘ನಿಮ್ಮ ಸುದ್ದಿ ತಲುಪಿದೆ’ ಎಂಬ ಮರುತ್ತರ. ಕಾದು ಕೂತವರಿಗೆ ಅದು ಸಣ್ಣ ಧೈರ್ಯವಲ್ಲ. ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸಿದರೆ ತೂಫಾನಿನ ಎಚ್ಚರಿಕೆಯೂ ಬರುತ್ತದೆ. ಮತ್ಸ್ಯ ಸಂಪದ ಯೋಜನೆಯಡಿ ಉಚಿತವಾಗಿ ಕೊಡುವ ಟ್ರಾನ್ಸ್‌ಪಾಂಡರನ್ನೂ ಬಿಡಬೇಡಿ, ಎಂಜಿನ್ ಕೆಟ್ಟಾಗ ದಡಕ್ಕೆ ಸಂದೇಶ ಕಳಿಸಲು ಒಳ್ಳೆಯದು. ಆದರೆ ಬೋಟಿಗೆ ಬಿಗಿದದ್ದು ಬೋಟಿನ ಜತೆಗೇ ಮುಳುಗುತ್ತದೆ. ಉಪಗ್ರಹದಿಂದ ಸುದ್ದಿ ಹಿಡಿಯುವ ಜೆಮಿನಿ ಸಾಧನ ಹವಾಮಾನದಂಥ ಸುದ್ದಿ ಪಡೆಯಲು ಮಾತ್ರ, ಅದರಿಂದ ಏನನ್ನೂ ಕಳಿಸಲಾಗದು.

ಸ್ಯಾಟಲೈಟ್ ಫೋನ್ ಬೇಕಾದವರಿಗೆ ಕಾನೂನಿನ ದಾರಿ ಬಿಎಸ್‌ಎನ್‌ಎಲ್ ಮೂಲಕ ಸಿಗುವ ಇನ್‌ಮಾರ್‌ಸ್ಯಾಟ್ ಸೇವೆ. ಐಸ್ಯಾಟ್‌ಫೋನ್ 2ರಲ್ಲಿ ಒಮ್ಮೆ ಚಾರ್ಜ್ ಮಾಡಿದರೆ 8 ಗಂಟೆ ಮಾತಾಡಬಹುದು, ಇಲ್ಲವೇ 160 ಗಂಟೆ ಆನ್ ಮಾಡಿ ಸುಮ್ಮನೆ ಇಡಬಹುದು. ಆಂಟೆನಾ ಬಿಚ್ಚಿ, ಬಯಲಲ್ಲಿ ನಿಂತು ಉಪಗ್ರಹದ ಕಡೆ ಹಿಡಿಯಬೇಕು. ಕ್ಯಾಬಿನ್ನಿನ ಒಳಗೆ ಕೂತು ಕರೆದರೆ ಸಿಗದು. ಗಾಯಾಳುವಿನ ಬಗ್ಗೆ ಡಾಕ್ಟರಿಗೆ ವಿವರಿಸಲು ಇದಕ್ಕೆ ಸಾಟಿಯಿಲ್ಲ, ಮುಳುಗುವ ಬೋಟಿಗೆ ಇದನ್ನೇ ನಂಬಬೇಡಿ. ಗಲ್ಫಿನಿಂದ ಬರುವವರ ಕೈಯಲ್ಲಿ ತುರಾಯಾ, ಇರಿಡಿಯಂ ಫೋನು, ಗಾರ್ಮಿನ್ ಇನ್‌ರೀಚ್ ತರಿಸಬೇಡಿ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ವಸ್ತು ಮುಟ್ಟುಗೋಲು, ಮೇಲೆ ಕೇಸು.

ಜೂನ್, ಜುಲೈನ 61 ದಿನದ ಮೀನುಗಾರಿಕೆ ನಿಷೇಧದಲ್ಲಿ ಬೋಟು ದಡದಲ್ಲಿರುವಾಗ ರಿಲೀಸ್ ಡಬ್ಬಿಯ ತಾರೀಕು ನೋಡಿ, ಅದಕ್ಕೆ ಎರಡೇ ವರ್ಷ ಆಯುಸ್ಸು. ಬೀಕನ್ನಿನ ಬ್ಯಾಟರಿಯ ಅವಧಿ ಲೇಬಲ್ಲಿನಲ್ಲಿ ಇರುತ್ತದೆ. ಋತುವಿನಲ್ಲಿ ತಿಂಗಳಿಗೊಮ್ಮೆ ಟೆಸ್ಟ್ ಗುಂಡಿಯನ್ನಷ್ಟೇ ಒತ್ತಿ, ನಿಜವಾಗಿ ಚಾಲೂ ಮಾಡಿ ನೋಡಬೇಡಿ. ತೊಳೆಯಲೆಂದು ಬೀಕನ್ನನ್ನು ಬ್ರಾಕೆಟ್ಟಿನಿಂದ ತೆಗೆದು ಒದ್ದೆ ಡೆಕ್ಕಿನ ಮೇಲಿಟ್ಟರೆ ಅದು ತಾನಾಗಿ ಚಾಲೂ ಆಗಬಹುದು. ಹಾಗಾದರೆ ಆಫ್ ಮಾಡಿ ಸುಮ್ಮನಾಗದೆ ಕೂಡಲೇ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಿ ತಿಳಿಸಿ. ಇಲ್ಲದಿದ್ದರೆ ಅವರು ಹುಡುಕಲು ಹೊರಡುತ್ತಾರೆ.