ಮೈಲ್ ಹೈ: ಬಿಸಿಬಿಸಿ ಸೀನ್‌ಗಳಿಗಿಂತ ಗ್ಯಾಲಿ ಪರದೆ ಹಿಂದಿನ ಕಥೆ ಇಷ್ಟ ಆಯ್ತು

ಮೊದ್ಲೇ ಹೇಳ್ಬಿಡ್ತೀನಿ, ಮನೆಯವ್ರೆಲ್ಲಾ ಹಾಲಲ್ಲಿ ಕೂತಿರೋವಾಗ ಹಾಕೋ ಸೀರಿಯಲ್ ಅಲ್ಲ ಇದು. ಮೈಲ್ ಹೈ ಅನ್ನೋ ಹೆಸರೇ ಒಂದು ಎರಡರ್ಥದ ಮಾತು, ಹಾರ್ತಿರೋ ವಿಮಾನದೊಳಗೆ ಸೆಕ್ಸ್ ಮಾಡಿದವ್ರನ್ನ ಮೈಲ್ ಹೈ ಕ್ಲಬ್ ಸೇರಿದವ್ರು ಅಂತ ಇಂಗ್ಲಿಷಲ್ಲಿ ಹೇಳ್ತಾರಲ್ಲ, ಅದನ್ನೇ ಎತ್ಕೊಂಡಿದಾರೆ. ಬ್ರಿಟನ್ನಿನ ಸ್ಕೈ ಒನ್ ಚಾನೆಲಲ್ಲಿ 2003ರಿಂದ 2005ರ ತನಕ ಬಂದಿದ್ದು, ಎರಡೇ ಸೀಸನ್. ಫ್ರೆಶ್ ಅಂತ ಒಂದು ಕಲ್ಪನೆಯ ಬಜೆಟ್ ಏರ್‌ಲೈನ್, ಲಂಡನ್ನಲ್ಲಿ ಅದರ ನೆಲೆ, ಅಲ್ಲಿ ಕೆಲಸ ಮಾಡೋ ಹುಡುಗ ಹುಡುಗೀರ ಡ್ಯೂಟಿ, ಪಾರ್ಟಿ, ಪ್ರೀತಿ, ಜಗಳ, ಹಾಸಿಗೆ ಎಲ್ಲಾ ಸೇರಿ ಒಂದು ಕಾಮಿಡಿ ಡ್ರಾಮಾ.

ನಾನು ಆರು ವರ್ಷ ಕ್ಯಾಬಿನ್ ಕ್ರೂ ಆಗಿದ್ದೋಳು, ಬಿಟ್ಟು ತುಂಬಾ ವರ್ಷ ಆಯ್ತು. ಹಾಗಾಗಿ ಈ ಸೀರಿಯಲ್ ಹೆಸರು ಕೇಳಿದ್ರೇನೇ ಸಿಟ್ಟು ಬರ್ತಿತ್ತು, ಇನ್ನೊಂದ್ಸಲ ನಮ್ಮ ಕೆಲಸನ ಇದೇ ಥರ ತೋರಿಸ್ತಾರಾ ಅಂತ ವರ್ಷಗಟ್ಟಲೆ ನೋಡೇ ಇರ್ಲಿಲ್ಲ. ಈಗ ಪೂರ್ತಿ ನೋಡಿ ಮುಗಿಸಿದೀನಿ. ಅರ್ಧ ಸಿಟ್ಟು ಹಾಗೇ ಇದೆ, ಆದ್ರೆ ಇನ್ನರ್ಧ ಹೋಗಿ ಆ ಜಾಗದಲ್ಲಿ ಒಂಥರಾ ಪ್ರೀತಿ ಬಂದ್ಬಿಟ್ಟಿದೆ. ಅದು ಯಾಕೆ ಅಂತ ಹೇಳೋಕೇ ಇದನ್ನ ಬರೀತಿರೋದು.

ಆ ಸಿಟ್ಟಿಗೆ ಒಂದು ಹಿಸ್ಟರಿ ಇದೆ. 1930ರಲ್ಲಿ ಅಮೆರಿಕದ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿ ವಿಮಾನದಲ್ಲಿ ಮೊದಲ ಗಗನಸಖಿ ಆಗಿ ಹಾರಿದ ಎಲೆನ್ ಚರ್ಚ್ ಒಬ್ಬ ನರ್ಸ್, ಅವ್ಳ ಜೊತೆ ಸೇರ್ಕೊಂಡವ್ರೂ ನರ್ಸ್‌ಗಳೇ. ಪ್ಯಾಸೆಂಜರ್‌ಗೆ ಏನಾದ್ರೂ ಆದ್ರೆ ನೋಡ್ಕೊಳ್ಳೋಕೆ ಅಂತ ಶುರುವಾದ ಕೆಲಸ ಇದು. ಅಲ್ಲಿಂದ 40 ವರ್ಷದಲ್ಲಿ ಎಲ್ಲಿಗೆ ಬಂತು ನೋಡಿ, 1971ರಲ್ಲಿ ಅಮೆರಿಕದ್ದೇ ನ್ಯಾಷನಲ್ ಏರ್‌ಲೈನ್ಸ್ ಗಗನಸಖಿಯ ಮುಖ, ಹೆಸರು ಹಾಕಿ ಎರಡರ್ಥ ಬರೋ ಜಾಹೀರಾತು ಮಾಡಿತ್ತು, ಹೆಣ್ಮಕ್ಕಳ ಸಂಘಟನೆಗಳು ಅದರ ವಿರುದ್ಧ ಪ್ರತಿಭಟನೆ ಮಾಡಿದ್ವು. ಮದ್ವೆ ಆದ್ರೆ ಕೆಲಸ ಬಿಡ್ಬೇಕು, ವಯಸ್ಸು ಮೂವತ್ತೆರಡೋ ಮೂವತ್ತೈದೋ ದಾಟಿದ್ರೆ ಬಿಡ್ಬೇಕು ಅನ್ನೋ ರೂಲ್ಸ್ ಎಷ್ಟೋ ಏರ್‌ಲೈನ್‌ಗಳಲ್ಲಿತ್ತು. ನಮ್ಮನ್ನ ನೋಡೋ ಕಣ್ಣನ್ನ ರೆಡಿ ಮಾಡಿದ್ದೇ ಇಂಥವು. ಅದಕ್ಕೇ ವಿಮಾನ, ಯೂನಿಫಾರ್ಮು, ಸೆಕ್ಸ್ ಮೂರನ್ನೂ ಸೇರಿಸಿ ಯಾರಾದ್ರೂ ಸೀರಿಯಲ್ ಮಾಡಿದ್ರೆ ನಮ್ಮಂಥವ್ರಿಗೆ ಹೊಟ್ಟೆ ಉರಿಯತ್ತೆ.

ಮೈಲ್ ಹೈ ಈ ತಪ್ಪು ಮಾಡಿಲ್ವಾ ಅಂದ್ರೆ ಮಾಡಿದೆ. ಟಾಯ್ಲೆಟ್ಟಲ್ಲಿ ಜೋಡಿ ಸೇರೋದನ್ನ ಅಷ್ಟೊಂದ್ಸಲ ತೋರಿಸ್ಬೇಕಾಗಿರ್ಲಿಲ್ಲ. ನಿಜವಾದ ವಿಮಾನದ ಟಾಯ್ಲೆಟ್ ನೋಡಿರೋವ್ರಿಗೆ ಗೊತ್ತು, ಒಬ್ರು ತಿರುಗೋಕೇ ಜಾಗ ಇರಲ್ಲ, ಬಾಗಿಲನ್ನ ಹೊರಗಿಂದ ನಾವು ತೆಗೀಬಹುದು, ಅದೂ ಅಲ್ದೆ ಆ ಕಮೋಡು ನೆಲ ಎಲ್ಲಾ ಮೂರನೇ ಸೆಕ್ಟರ್, ಅಂದ್ರೆ ಆ ದಿನದ ಮೂರನೇ ಹಾರಾಟದ ಹೊತ್ತಿಗೆ ಯಾವ ಸ್ಥಿತಿಲಿರತ್ತೆ ಅಂತ ನೆನೆಸ್ಕೊಂಡ್ರೆ ಯಾರಿಗೂ ರೊಮ್ಯಾನ್ಸ್ ಬರಲ್ಲ. ಬಜೆಟ್ ಏರ್‌ಲೈನ್‌ಗಳಲ್ಲಿ ಅದನ್ನ ಮಧ್ಯೆ ಮಧ್ಯೆ ಕ್ಲೀನ್ ಮಾಡೋದೂ ಎಷ್ಟೋ ಕಡೆ ನಾವೇ.

ಆದ್ರೆ ಒಂದು ವಿಷ್ಯ ನನ್ನ ಮನಸ್ಸು ಬದಲಾಯಿಸ್ತು. ಇಲ್ಲಿ ಹುಡುಗೀರು ಯಾರದ್ದೋ ಕಣ್ಣಿಗೆ ಗೊಂಬೆಗಳಲ್ಲ. ಆಸೆ ಅವ್ರದ್ದೇ, ಆಯ್ಕೆನೂ ಅವ್ರದ್ದೇ, ಆಮೇಲೆ ಪಶ್ಚಾತ್ತಾಪ ಪಡೋದೂ ಅವ್ರೇ. ಕ್ಯಾಮೆರಾ ಹುಡುಗ್ರ ಮೈ ಮೇಲೂ ಅಷ್ಟೇ ಓಡಾಡತ್ತೆ. ಹಳೇ ಜಾಹೀರಾತಿನಲ್ಲಿ ಗಗನಸಖಿ ಬರೀ ನಗ್ತಾ ನಿಂತಿರ್ತಿದ್ಲು, ಇಲ್ಲಿ ಅವ್ಳು ಬೈತಾಳೆ, ಅಳ್ತಾಳೆ, ಕುಡೀತಾಳೆ, ತಪ್ಪು ಮಾಡ್ತಾಳೆ, ಮಾರನೇ ದಿನ ಲಿಪ್‌ಸ್ಟಿಕ್ ಹಚ್ಕೊಂಡು ಡ್ಯೂಟಿಗೆ ಹಾಜರ್.

ನನಗೆ ಜಾಸ್ತಿ ಹತ್ರ ಆಗಿದ್ದು ಜೋ ಆನ್ ನೋಲ್ಸ್ ಮಾಡಿರೋ ಜಾನಿಸ್ ಸ್ಟೀಲ್ ಪಾತ್ರ. ಚಿಕ್ಕ ವಯಸ್ಸಿನ ಕ್ರೂ ನಡುವೆ ಅನುಭವಸ್ಥೆ ಆಗಿರೋ ಹೆಂಗಸು ಅಂದ್ರೆ ಹೇಗಿರ್ತಾಳೆ ಅನ್ನೋದು ಆಕೆ ನಿಲ್ಲೋ ರೀತಿಲೇ ಕಾಣತ್ತೆ. ನನಗೂ ಅಂಥ ಒಬ್ರು ಪರ್ಸರ್, ಅಂದ್ರೆ ಕ್ಯಾಬಿನ್ ಕ್ರೂ ಮುಖ್ಯಸ್ಥೆ, ಇದ್ರು. ಒಂದ್ಸಲ ನಾನು ಟ್ರಾಲಿ ತಳ್ಕೊಂಡು ಹೋಗೋವಾಗ ಒಬ್ಬ ಪ್ಯಾಸೆಂಜರ್ ನನ್ನ ಸೊಂಟಕ್ಕೆ ಕೈ ಹಾಕ್ದ, ನಾನು ಜೋರಾಗಿ ಬೈದೆ, ಇಳಿದ್ಮೇಲೆ ಆಫೀಸಲ್ಲಿ ನನಗೇ ಸಾರಿ ಲೆಟರ್ ಬರ್ಕೊಡು ಅಂದ್ರು. ಪರ್ಸರ್ ಆಂಟಿ ನನ್ನ ಜೊತೆ ಒಳಗೆ ಬಂದು, ಅವ್ಳು ಬರ್ಕೊಡಲ್ಲ, ಬೇಕಾದ್ರೆ ನಾನು ಕಂಪ್ಲೇಂಟ್ ಬರ್ಕೊಡ್ತೀನಿ ಅಂತ ಹೇಳಿ ನನ್ನ ಕೈ ಹಿಡ್ಕೊಂಡು ಹೊರಗೆ ಕರ್ಕೊಂಡ್ಬಂದ್ರು. ಜಾನಿಸ್ ತೆರೆ ಮೇಲೆ ಬಂದಾಗೆಲ್ಲಾ ಅವ್ರೇ ಕಣ್ಮುಂದೆ ಬರ್ತಿದ್ರು.

ಕ್ಯಾಪ್ಟನ್ ನೈಜೆಲ್ ಕ್ರೋಕರ್ ಪಾತ್ರ ಕ್ರಿಸ್ಟೋಫರ್ ವಿಲಿಯರ್ಸ್ ಮಾಡಿದಾರೆ. ಭುಜದ ಮೇಲೆ ನಾಲ್ಕು ಪಟ್ಟಿ ಇರೋವ್ರಿಗೂ ಟ್ರಾಲಿ ತಳ್ಳೋವ್ರಿಗೂ ನಡುವೆ ಇರೋ ಅಂತರ ಏನು ಅಂತ ಗೊತ್ತಾಗ್ಬೇಕಾದ್ರೆ ಕಾಕ್‌ಪಿಟ್ ಸೀನ್‌ಗಳನ್ನ ಗಮನ ಇಟ್ಟು ನೋಡಿ. ಕಾಫಿ ತಗೊಂಡು ಒಳಗೆ ಹೋಗಿ ಹೊರಗೆ ಬರೋ ಆ ಒಂದು ನಿಮಿಷದಲ್ಲಿ ಯಾರು ಯಾರಿಗೆ ಬಗ್ಗಬೇಕು ಅನ್ನೋದು ಮಾತಿಲ್ದೇ ಗೊತ್ತಾಗತ್ತೆ.

ಆಮೇಲೆ ವಿಲ್. ಆಡಮ್ ಸಿಂಕ್ಲೇರ್ ಮಾಡಿರೋ ವಿಲ್ ಓಬ್ರಿಯನ್ ಗೇ ಹುಡುಗ, ಅದನ್ನ ಮುಚ್ಚಿಡಲ್ಲ. ನಗಿಸೋಕೆ ಅಂತ ಮೂಲೆಲಿಟ್ಟಿರೋ ಪಾತ್ರ ಅಲ್ಲ, ಕಥೆ ನಡುವೆ ಇರೋವ್ನು. ಈ ಸೀರಿಯಲ್ ಶುರುವಾದ ವರ್ಷ ನೆನಪಿಟ್ಕೊಳ್ಳಿ, 2003. ಸಲಿಂಗ ಸಂಬಂಧನ ಒಳ್ಳೇದು ಅಂತ ಸ್ಕೂಲಲ್ಲಿ ಹೇಳ್ಕೊಡ್ಬಾರ್ದು ಅನ್ನೋ ಥರದ ಸೆಕ್ಷನ್ 28 ಅನ್ನೋ ಕಾನೂನು 1988ರಿಂದ ಬ್ರಿಟನ್ನಲ್ಲಿತ್ತು, ಇಂಗ್ಲೆಂಡ್ ಮತ್ತೆ ವೇಲ್ಸಲ್ಲಿ ಅದು ರದ್ದಾಗಿದ್ದೇ 2003ರ ನವೆಂಬರಲ್ಲಿ. ಅಂಥ ಹೊತ್ತಲ್ಲಿ ಇವ್ನ ಪ್ರೀತಿ ಜಗಳನೂ ಉಳಿದವ್ರದ್ದರ ಥರಾನೇ ಸಲೀಸಾಗಿ ತೋರಿಸಿರೋದು ನನಗೆ ತುಂಬಾ ಹಿಡಿಸ್ತು. ನನ್ನ ಬ್ಯಾಚಲ್ಲೂ ಇಬ್ರು ಗೇ ಹುಡುಗ್ರಿದ್ರು, ಮನೇಲಿ ಹೇಳ್ಕೊಳ್ಳೋಕೆ ಆಗ್ದೇ ಇರೋದನ್ನ ಗ್ಯಾಲಿಲಿ, ಅಂದ್ರೆ ವಿಮಾನದೊಳಗಿನ ಪುಟ್ಟ ಅಡುಗೆಮನೇಲಿ, ನಮ್ಮ ಹತ್ರ ಹೇಳ್ತಿದ್ರು.

ಬಜೆಟ್ ಏರ್‌ಲೈನನ್ನೇ ಆರಿಸ್ಕೊಂಡಿರೋದು ಈ ಸೀರಿಯಲ್ಲಿನ ಬುದ್ಧಿವಂತಿಕೆ. 1997ರ ಹೊತ್ತಿಗೆ ಯುರೋಪಿಯನ್ ಯೂನಿಯನ್ನಿನ ಯಾವ ದೇಶದ ಏರ್‌ಲೈನ್ ಬೇಕಾದ್ರೂ ಯೂನಿಯನ್ ಒಳಗೆ ಎಲ್ಲಿಂದ ಎಲ್ಲಿಗೆ ಬೇಕಾದ್ರೂ ಹಾರಬಹುದು ಅಂತ ಆಯ್ತಲ್ಲ, 1995ರಲ್ಲಿ ಲಂಡನ್ ಹತ್ರದ ಲೂಟನ್ನಿಂದ ಶುರುವಾಗಿದ್ದ ಈಸಿಜೆಟ್ ಬೆಳೀತು, ಐರ್ಲೆಂಡಿನ ರಯಾನ್‌ಏರ್ ಬೆಳೀತು, ಬ್ರಿಟಿಷ್ ಏರ್‌ವೇಸೇ 1998ರಲ್ಲಿ ಗೋ ಅಂತ ಒಂದು ಬಜೆಟ್ ಏರ್‌ಲೈನ್ ಮಾಡಿ ಆಮೇಲೆ ಮಾರಿ ಅದು 2002ರಲ್ಲಿ ಈಸಿಜೆಟ್ ಪಾಲಾಯ್ತು. ಫ್ರೆಶ್ ಅನ್ನೋ ಕಲ್ಪನೆಯ ಕಂಪನಿ ಹುಟ್ಟಿದ್ದು ಇದೇ ಗಾಳೀಲಿ. ಇಂಥ ಕಂಪನಿ ದುಡ್ಡು ಮಾಡೋದು ವಿಮಾನನ ನೆಲದ ಮೇಲೆ ನಿಲ್ಲಿಸ್ದೇ ಇರೋದ್ರಿಂದ. ಇಳಿದ ಅರ್ಧ ಗಂಟೆ ಒಳಗೆ ಮತ್ತೆ ಹೊರಡ್ಬೇಕು, ಆ ಗ್ಯಾಪಲ್ಲಿ ಸೀಟ್ ಪಾಕೆಟ್ ಕಸ ತೆಗಿ, ಬೆಲ್ಟ್ ಸರಿ ಮಾಡು, ಸೆಕ್ಯೂರಿಟಿ ಚೆಕ್ ಮಾಡು, ಮತ್ತೆ ನಗು. 50 ಸೀಟಿಗೆ ಒಬ್ರು ಕ್ರೂ ಅನ್ನೋದು ರೂಲು, ಅಂದ್ರೆ 149 ಸೀಟಿನ ಬೋಯಿಂಗ್ 737ಕ್ಕೆ ಮೂರೇ ಜನ ಸಾಕು. ಆ ಮೂರೇ ಜನ ತಿಂಡಿ ಮಾರ್ಬೇಕು, ಪರ್ಫ್ಯೂಮ್ ಮಾರ್ಬೇಕು, ಎಷ್ಟು ಮಾರಿದ್ರು ಅನ್ನೋದ್ರ ಮೇಲೆ ಕೈಗೆ ಸಿಗೋ ದುಡ್ಡೂ ನಿಂತಿರತ್ತೆ.

ಆ ಸುಸ್ತು ಸೀರಿಯಲಲ್ಲಿ ಕಾಣತ್ತೆ. ಯಾಕೆ ಇವ್ರು ಇಷ್ಟು ಕುಡೀತಾರೆ, ಯಾಕೆ ಸಿಕ್ಕಿದವ್ರ ತೋಳಿಗೆ ಬೀಳ್ತಾರೆ ಅಂತ ನೋಡೋವ್ರು ಬೈಬಹುದು. ನನಗೆ ಅದು ಅರ್ಥ ಆಗತ್ತೆ. ದಿನವಿಡೀ ನಗು ಕೆಲಸ ಆಗಿದ್ದಾಗ ರಾತ್ರಿ ನಿಜವಾದ ಮುಖ ಯಾವ್ದು ಅಂತ ಹುಡುಕ್ಬೇಕಾಗತ್ತೆ. ಆರ್ಲಿ ಹಾಕ್‌ಶೀಲ್ಡ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞೆ 1983ರಲ್ಲೇ ಡೆಲ್ಟಾ ಏರ್‌ಲೈನ್ಸ್ ಗಗನಸಖಿಯರನ್ನ ಸ್ಟಡಿ ಮಾಡಿ ಒಂದು ಪುಸ್ತಕ ಬರೆದ್ರು, ಭಾವನೆನೂ ದುಡಿಮೆ ಅಂತ ಅದ್ರಲ್ಲಿ ಹೇಳಿದ್ರು. ಅದನ್ನ ಓದಿದಾಗ ಯಾರೋ ನನ್ನ ಡೈರಿ ಓದಿದ ಹಾಗಾಗಿತ್ತು. ಈ ಸೀರಿಯಲ್ಲಿನ ಚೆನ್ನಾಗಿರೋ ಸೀನ್‌ಗಳಲ್ಲಿ ಅದೇ ಇದೆ. ಕ್ಯಾಬಿನ್ನಲ್ಲಿ ಒಂದು ಮುಖ, ಗ್ಯಾಲಿ ಪರದೆ ಎಳ್ಕೊಂಡ ತಕ್ಷಣ ಇನ್ನೊಂದು ಮುಖ. ಭುಜ ಇಳಿಯತ್ತೆ, ಶೂ ಕಳಚ್ತಾರೆ, ಇಬ್ರು ಜಂಪ್ ಸೀಟಲ್ಲಿ, ಅಂದ್ರೆ ಕ್ರೂ ಕೂರೋ ಮಡಚೋ ಸೀಟಲ್ಲಿ, ಪಕ್ಕಪಕ್ಕ ಕೂತು ಮಾತಾಡ್ತಾರೆ, ಕಾಲ್ ಬೆಲ್ ಹೊಡೀತು ಅಂದ್ರೆ ಮತ್ತೆ ಮೊದಲಿನ ಮುಖ. ನಾವು ಒಬ್ರಿಗೊಬ್ರು ಜೀವನದ ಕಥೆ ಎಲ್ಲಾ ಹೇಳ್ಕೊಂಡಿದ್ದು ಜಂಪ್ ಸೀಟಲ್ಲೇ, ಮುಂಚೆ ಯಾವತ್ತೂ ನೋಡದವ್ರ ಹತ್ರ, ಮತ್ತೆ ಯಾವತ್ತೂ ಅದೇ ಕ್ರೂ ಸಿಗಲ್ಲ ಅಂತ ಗೊತ್ತಿದ್ದೇ ಹೇಳ್ತಿದ್ವಿ.

ಒಂದು ವಿಷ್ಯದಲ್ಲಿ ಮಾತ್ರ ನನಗೆ ಕ್ಷಮಿಸೋಕಾಗಲ್ಲ, ಕುಡಿದು ಡ್ಯೂಟಿಗೆ ಬರೋದನ್ನ ನಗುವಿಗೆ ಬಳಸೋದು. ಬ್ರಿಟನ್ನಲ್ಲಿ 2003ರ ಕಾನೂನು ಪೈಲಟ್ಟಿಗೂ ಕ್ಯಾಬಿನ್ ಕ್ರೂಗೂ 100 ಮಿಲಿ ರಕ್ತಕ್ಕೆ 20 ಮಿಲಿಗ್ರಾಂ ಮದ್ಯ ಅನ್ನೋ ಮಿತಿ ಹಾಕ್ತು, ಆಗ ಅಲ್ಲಿ ಕಾರ್ ಓಡ್ಸೋವ್ರಿಗೆ ಇದ್ದಿದ್ದು 80. ನಾಲ್ಕು ಪಟ್ಟು ಬಿಗಿ. ಕ್ಯಾಬಿನ್ ಕ್ರೂನ ಅದ್ರಲ್ಲಿ ಸೇರಿಸಿದ್ದಕ್ಕೆ ಕಾರಣ ಇದೆ, ಬಾಗಿಲುಗಳಲ್ಲಿ ಅರ್ಧದಷ್ಟು ಮುಚ್ಚಿದ್ರೂ ವಿಮಾನ ತುಂಬ ಇರೋ ಜನನ 90 ಸೆಕೆಂಡಲ್ಲಿ ಇಳಿಸೋಕಾಗ್ಬೇಕು ಅಂತಾನೇ ವಿಮಾನಕ್ಕೆ ಸರ್ಟಿಫಿಕೇಟ್ ಕೊಡೋದು, ಇಳಿಸೋವ್ರು ನಾವೇ. ಹ್ಯಾಂಗೋವರಲ್ಲಿ ಇರೋ ಹುಡುಗಿ ಆ ಬಾಗಿಲ ಪಕ್ಕ ಕೂತಿರೋದು ನೋಡಿದ್ರೆ ನನಗೆ ನಗು ಬರಲ್ಲ, ಹೊಟ್ಟೆ ತೊಳಸತ್ತೆ. ಟ್ರೇನಿಂಗಲ್ಲಿ ಹೊಗೆ ತುಂಬಿದ ಕ್ಯಾಬಿನ್ನಲ್ಲಿ ಕೂಗಿ ಕೂಗಿ ಗಂಟಲು ಹೋಗಿದ್ದು ಇನ್ನೂ ನೆನಪಿದೆ. ಆ ಟ್ರೇನಿಂಗಿನ ತೂಕನ ಬರೆದವ್ರು ಇನ್ನೂ ಚೂರು ತೋರಿಸಿದ್ರೆ ಪಾತ್ರಗಳ ಮೇಲೆ ಗೌರವ ಹೆಚ್ತಿತ್ತು.

ಕಥೆ ಬಗ್ಗೆ ಹೇಳ್ಬೇಕಂದ್ರೆ ಮೊದಲನೇ ಸೀಸನ್ 13 ಎಪಿಸೋಡು, ಬಿಗಿಯಾಗಿದೆ, ಒಂದಾದ್ಮೇಲೊಂದು ನೋಡಿಸ್ಕೊಂಡು ಹೋಗತ್ತೆ. ಎರಡನೇದು 26, ಅದು ಜಾಸ್ತಿ ಆಯ್ತು. ಯಾರ ಜೊತೆ ಯಾರು ಅನ್ನೋದೇ ತಿರುಗಿ ತಿರುಗಿ ಬರತ್ತೆ, ಹೊಸ ಮುಖಗಳು ಬಂದು ಹಳೇ ಮುಖಗಳಿಗೆ ಜಾಗ ಕಮ್ಮಿ ಆಗಿ, ನಡುವೆ ಬೇಜಾರಾಗತ್ತೆ. ಡ್ರಾಮಾ ಬೇಕು ಅಂತ ದೊಡ್ಡ ದೊಡ್ಡ ಆಘಾತ ತುಂಬೋ ಬದ್ಲು ಡ್ಯೂಟಿಯ ಸಣ್ಣಪುಟ್ಟ ಕಷ್ಟಗಳನ್ನೇ ನಂಬಿದ್ರೆ ಸಾಕಿತ್ತು. ರೋಸ್ಟರ್, ಅಂದ್ರೆ ಡ್ಯೂಟಿ ಪಟ್ಟಿ, ಬಂದ ದಿನ ಯಾರ ಮದ್ವೆಗೆ ಹೋಗೋದು ತಪ್ಪೋಯ್ತು ಅನ್ನೋದು ಒಂದು ಎಪಿಸೋಡಿಗೆ ಆಗೋವಷ್ಟು ಡ್ರಾಮಾ. ನನ್ನ ತಂಗಿ ನಿಶ್ಚಿತಾರ್ಥಕ್ಕೆ ನಾನು ಸ್ಟ್ಯಾಂಡ್‌ಬೈ ಇದ್ದೆ, ಫೋನ್ ಬರ್ದೇ ಇರ್ಲಿ ಅಂತ ದೇವ್ರಿಗೆ ಕೈ ಮುಗಿದಿದ್ದೆ, ಬಂತು, ಹೋದೆ.

ಮಾತು ತುಂಬಾ ಫಾಸ್ಟು, ಉಚ್ಚಾರಣೆನೂ ಒಬ್ಬೊಬ್ರದ್ದು ಒಂದೊಂದು ಥರ, ಸಬ್‌ಟೈಟಲ್ ಇದ್ರೆ ಹಾಕ್ಕೊಳ್ಳಿ. ಇಪ್ಪತ್ತು ವರ್ಷ ದಾಟಿದ ಸೀರಿಯಲ್ ಆದ್ರಿಂದ ಬಟ್ಟೆ, ಹೇರ್‌ಸ್ಟೈಲ್ ಹಳೇದು ಅನ್ಸತ್ತೆ, ಕೆಲವು ಜೋಕು ಈಗ ಯಾರೂ ಬರೆಯಲ್ಲ. ನಾನು ಐದಕ್ಕೆ ಮೂರೂವರೆ ಕೊಡ್ತೀನಿ. ಮೊದಲ ಸೀಸನ್ ಪೂರ್ತಿ ನೋಡಿ, ಎರಡನೇದನ್ನ ಜಾನಿಸ್‌ಗೋಸ್ಕರ ಓಡಿಸ್ಕೊಂಡು ನೋಡಿ. ಪರ್ಸರ್ ಆಂಟಿಗೂ ಲಿಂಕ್ ಕಳ್ಸಿದೀನಿ, ಅವ್ರಿಗೀಗ ಅರವತ್ತು ದಾಟಿದೆ. ಎರಡು ಎಪಿಸೋಡ್ ನೋಡಿ ಫೋನ್ ಮಾಡಿದ್ರು, ಸೆಕ್ಸ್ ಸೀನ್ ಬಗ್ಗೆ ಒಂದು ಮಾತೂ ಆಡ್ಲಿಲ್ಲ, ಆ ಟ್ರಾಲಿ ಬ್ರೇಕ್ ಹಾಕ್ದೇ ಬಿಟ್ಟು ಹೋಗ್ತಾರಲ್ಲೇ ಅಂತ ಬೈದ್ರು.