ಮಗುವಿನ ಓದನ್ನು ಅಳೆಯಲು ಯಾವ ಪರೀಕ್ಷೆ? ಜಿಒಆರ್‌ಟಿ-5 ಮತ್ತು ಅದರ ಜೊತೆಗಾರರು
ಇಂಗ್ಲಿಷ್ ಓದಿನಲ್ಲಿ ಹಿಂದುಳಿದ ಮಕ್ಕಳ ಪ್ರಗತಿಯನ್ನು ಅಳೆಯಲು ನಾನು ಬಳಸಿದ ಪರೀಕ್ಷೆಗಳಲ್ಲಿ ಗ್ರೇ ಓರಲ್ ರೀಡಿಂಗ್ ಟೆಸ್ಟ್ಸ್‌ನ ಐದನೆಯ ಆವೃತ್ತಿ, ಅಂದರೆ ಜಿಒಆರ್‌ಟಿ-5, ಹೆಚ್ಚು ಉಪಯೋಗಕ್ಕೆ ಬಂದಿದೆ. ಬರಬರುತ್ತ ಕಠಿಣವಾಗುವ ಗದ್ಯಭಾಗಗಳನ್ನು ಮಗು ಗಟ್ಟಿಯಾಗಿ ಓದುತ್ತದೆ. ಪರೀಕ್ಷಕರು ಓದಿನ ವೇಗವನ್ನೂ ತಪ್ಪುಗಳನ್ನೂ ಗುರುತು ಹಾಕಿಕೊಂಡು, ಬಳಿಕ ಅರ್ಥಗ್ರಹಣದ ಪ್ರಶ್ನೆಗಳನ್ನು ಕೇಳುತ್ತಾರೆ. ‘ಹೌಸ್’ ಎಂದಿರುವಲ್ಲಿ ‘ಹಾರ್ಸ್’ ಎಂದು ಓದಿ, ಕುದುರೆಗೆ ಕಿಟಕಿ ಬಂದದ್ದು ತಿಳಿಯದೆ ಮುಂದೆ ಸಾಗುವ ಮಗುವಿಗೂ, ಅಲ್ಲೇ ತಡವರಿಸಿ ಹಿಂದಿರುಗಿ ತಿದ್ದಿಕೊಳ್ಳುವ ಮಗುವಿಗೂ ಬೇಕಾದ ಪಾಠ ಬೇರೆ ಬೇರೆ, ಮತ್ತು ಆ ಗುರುತುಗಳ ಹಾಳೆ ಅದನ್ನು ಅಂಕಗಳಿಗಿಂತ ಚೆನ್ನಾಗಿ ತೋರಿಸುತ್ತದೆ. ಇದರ ಹಿಂದಿನ ಆವೃತ್ತಿಗಳಲ್ಲಿದ್ದ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಹಲವಕ್ಕೆ ಗದ್ಯವನ್ನು ಓದದೆಯೇ ಉತ್ತರಿಸಬಹುದೆಂದು 2006ರ ಸಂಶೋಧನೆಯೊಂದು ತೋರಿಸಿತ್ತು. ಆದ್ದರಿಂದ ಹಳೆಯ ಪ್ರತಿಯನ್ನು ಬಳಸುವವರ ಬಳಿಗೆ ಹೋಗದಿರುವುದು ಒಳ್ಳೆಯದು.

ಪ್ರಗತಿಯನ್ನು ಅಳೆಯುವವರಿಗೆ ಇದರ ದೊಡ್ಡ ಅನುಕೂಲವೆಂದರೆ ಎ ಮತ್ತು ಬಿ ಎಂಬ ಸಮಾನ ರೂಪಗಳು: ಕಷ್ಟದ ಮಟ್ಟ ಒಂದೇ, ಗದ್ಯಭಾಗಗಳು ಬೇರೆ. ಒಂದೇ ಗದ್ಯವನ್ನು ಮತ್ತೆ ಕೊಟ್ಟರೆ ಮಗುವಿನ ಓದಿನ ಜೊತೆಗೆ ನೆನಪನ್ನೂ ಅಳೆದಂತಾಗುತ್ತದೆ.

ಟೆಸ್ಟ್ ಆಫ್ ವರ್ಡ್ ರೀಡಿಂಗ್ ಎಫಿಶಿಯೆನ್ಸಿ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಪರಿಚಿತ ಪದಗಳಿಗೆ 45 ಸೆಕೆಂಡು, ಅರ್ಥವಿಲ್ಲದ ಕೃತಕ ಪದಗಳಿಗೆ ಇನ್ನೊಂದು 45 ಸೆಕೆಂಡು. ಅಕ್ಷರಗಳನ್ನು ಧ್ವನಿಗೆ ಹೊಂದಿಸುವ ಶಕ್ತಿಯನ್ನು ಇದು ಚೆನ್ನಾಗಿ ಹಿಡಿಯುತ್ತದೆ, ಅರ್ಥಗ್ರಹಣವನ್ನು ಮುಟ್ಟುವುದೇ ಇಲ್ಲ. ಪ್ರಗತಿಯನ್ನು ಪದೇ ಪದೇ ನೋಡಬೇಕೆನ್ನುವವರಿಗೆ ಆರೆಗಾನ್ ವಿಶ್ವವಿದ್ಯಾಲಯದ ಡಿಬೆಲ್ಸ್ ಎಂಬ ಪರೀಕ್ಷೆ ಸಾಕು; ಒಂದು ನಿಮಿಷದ ಓದು, ಸಾಮಗ್ರಿಯೂ ಉಚಿತ.

ನನ್ನ ತಕರಾರು ವರದಿಗಳ ಬಗ್ಗೆ. ನನ್ನ ಬಳಿ ಬಂದ ಒಂದು ವರದಿಯಲ್ಲಿ ‘ಎರಡನೆಯ ತರಗತಿಯ ಮಟ್ಟ’ ಎಂಬ ಒಂದೇ ಸಾಲಿತ್ತು, ಅದರಿಂದ ಪೋಷಕರು ಗಾಬರಿಯಾಗಿದ್ದರು. ಪ್ರಗತಿಯನ್ನು ಹೇಳಲು ಇಷ್ಟು ದುರ್ಬಲವಾದ ಅಂಕ ಇನ್ನೊಂದಿಲ್ಲ. ಓರಗೆಯ ಮಕ್ಕಳೊಂದಿಗೆ ಹೋಲಿಸಿ ಕೊಡುವ, ಸರಾಸರಿ 100 ಇರುವ ಪ್ರಮಾಣಿತ ಅಂಕದಲ್ಲಿ ಮಗು ಹೋದ ವರ್ಷ 85, ಈ ವರ್ಷವೂ 85 ಪಡೆದರೆ ಅದು ನಿಂತಲ್ಲೇ ನಿಂತಿದೆ ಎಂದರ್ಥವಲ್ಲ: ಓರಗೆಯವರಷ್ಟೇ ಬೆಳೆದಿದೆ, ಅಂತರ ಮಾತ್ರ ತಗ್ಗಿಲ್ಲ. 85 ಇದ್ದದ್ದು 88 ಆದರೆ ಅದು ಅಳತೆಯ ದೋಷದೊಳಗೇ ಇರಬಹುದಾದ್ದರಿಂದ, ಅಂಕದ ಪಕ್ಕದಲ್ಲಿ ಅದರ ವ್ಯಾಪ್ತಿಯನ್ನು, ಅಂದರೆ ನಿಜವಾದ ಅಂಕ ಎಷ್ಟರಿಂದ ಎಷ್ಟರವರೆಗೆ ಇರಬಹುದೆಂಬುದನ್ನು, ಬರೆದುಕೊಡುವಂತೆ ಕೇಳಿ. ಜಿಒಆರ್‌ಟಿಯ ಮಾನದಂಡಗಳು ಅಮೆರಿಕದ ಮಕ್ಕಳಿಂದ ಬಂದವು. ಮನೆಯಲ್ಲಿ ಬೇರೆ ಭಾಷೆಯಾಡುವ ಮಗುವಿನ ವಿಷಯದಲ್ಲಿ ಇತರರೊಂದಿಗಿನ ಹೋಲಿಕೆಗಿಂತ ಅದೇ ಮಗುವಿನ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದನ್ನೇ ನಾನು ಹೆಚ್ಚು ನಂಬುತ್ತೇನೆ.